ಉಗ್ರವಾದಿ ಸಿದ್ಧಾಂತಿಗಳ ಬರಹಗಳ ಅಧ್ಯಯನ

ಸಶಸ್ತ್ರ ಉಗ್ರವಾದಿ ಚಳವಳಿಗಳ ಪುಸ್ತಕ, ಕರಪತ್ರ, ಪತ್ರಗಳನ್ನು ಓದಿ ಅವುಗಳ ಗುರಿ, ತಂತ್ರ ಮತ್ತು ಒಳಭಿನ್ನಮತಗಳನ್ನು ಅರಿಯುವ ಸಂಶೋಧನಾ ಕ್ರಮ. ಇತಿಹಾಸ, ಧರ್ಮಶಾಸ್ತ್ರ, ರಾಜ್ಯಶಾಸ್ತ್ರಗಳ ವಿದ್ವಾಂಸರು ಇದರಲ್ಲಿ ತೊಡಗಿದ್ದಾರೆ. ನಕ್ಸಲ್‌ಬಾರಿ ಬಂಡಾಯವನ್ನು ಅಭ್ಯಾಸ ಮಾಡುವವರು ಚಾರು ಮಜುಂದಾರರ ಎಂಟು ದಸ್ತಾವೇಜುಗಳನ್ನು ಓದುವುದು ಇದೇ ಕ್ರಮ. ಆದರೆ ಇದು ವಿಸ್ತಾರವಾಗಿ ಬೆಳೆದದ್ದು ಜಿಹಾದಿ ಸಾಹಿತ್ಯದ ಅಧ್ಯಯನದಲ್ಲಿ. ಆ ಸಾಹಿತ್ಯದ ಮುಖ್ಯ ಬೇರುಗಳು ಈಜಿಪ್ಟಿನಲ್ಲಿವೆ.

ಮೂಲಪಠ್ಯಗಳು: ಸಾಹಿತ್ಯ ವಿಮರ್ಶಕನಾಗಿದ್ದ ಸಯ್ಯದ್ ಕುತುಬ್ (1906-66) ನಾಸರ್ ಆಡಳಿತದ ಸೆರೆವಾಸದಲ್ಲಿ ಉಗ್ರ ನಿಲುವಿನತ್ತ ಹೊರಳಿದ. 1964ರಲ್ಲಿ ಪ್ರಕಟವಾದ ಅವನ 'ಮಆಲಿಮ್ ಫಿ ಅಲ್-ತರೀಕ್' (ದಾರಿಯ ಗುರುತುಗಳು) ಸಮಕಾಲೀನ ಸಮಾಜಗಳನ್ನೆಲ್ಲ ಇಸ್ಲಾಂಪೂರ್ವ ಅಜ್ಞಾನಯುಗಕ್ಕೆ ಸೇರಿಸಿತು. 1966ರಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. 1981ರ ಅಕ್ಟೋಬರ್ 6ರಂದು ಅಧ್ಯಕ್ಷ ಅನ್ವರ್ ಸಾದಾತರ ಹತ್ಯೆಯಾದ ಮೇಲೆ, ಹಂತಕರ ಗುಂಪಿನ ಅಬ್ದುಲ್ ಸಲಾಂ ಫರಾಜ್ ಬರೆದ ಕಿರುಹೊತ್ತಗೆ ಬೆಳಕಿಗೆ ಬಂತು. ಮಂಗೋಲರ ವಿರುದ್ಧ ಇಬ್ನ್ ತೈಮಿಯ್ಯ ನೀಡಿದ್ದ ಮಧ್ಯಯುಗದ ಫತ್ವಾಗಳನ್ನು ಫರಾಜ್ ತನ್ನ ಕಾಲದ ಮುಸ್ಲಿಂ ಆಳರಸರಿಗೆ ಅನ್ವಯಿಸಿದ್ದ. ದೂರದ ಶತ್ರುವಿಗಿಂತ ಮೊದಲು ಹತ್ತಿರದ ಶತ್ರುವನ್ನು ಎದುರಿಸಬೇಕೆಂದಿದ್ದ. ದೇಶದ ಮುಫ್ತಿಯಾಗಿದ್ದ ಜಾದ್ ಅಲ್-ಹಕ್ ಈ ವಾದವನ್ನು ಧರ್ಮಶಾಸ್ತ್ರದ ನೆಲೆಯಲ್ಲೇ ಖಂಡಿಸಿ ಬರೆದರು. ಡಚ್ ವಿದ್ವಾಂಸ ಯೋಹಾನ್ನೆಸ್ ಯಾನ್ಸೆನ್ 1986ರಲ್ಲಿ ಹೊತ್ತಗೆಯನ್ನು ಇಂಗ್ಲಿಷಿಗೆ ಅನುವಾದಿಸಿದರು. ಅದಕ್ಕೂ ಮುನ್ನ, 1984ರಲ್ಲಿ, ಫ್ರಾನ್ಸಿನ ಜಿಲ್ ಕೆಪೆಲ್ ಈಜಿಪ್ಟಿನ ಗುಂಪುಗಳ ಕುರಿತ ತಮ್ಮ ಕೃತಿಯನ್ನು ಪ್ರಕಟಿಸಿದ್ದರು.

ಓದಿನ ಕ್ರಮ: ಜನರನ್ನು ಸೆಳೆಯಲು ಬರೆದದ್ದನ್ನೂ ತಮ್ಮವರಿಗಾಗಿಯೇ ಬರೆದದ್ದನ್ನೂ ಬೇರ್ಪಡಿಸುವುದು ಮೊದಲ ಕೆಲಸ. ಪ್ರಚಾರದಲ್ಲಿ ಒಗ್ಗಟ್ಟಿನ ಮಾತಿರುತ್ತದೆ, ಒಳಪತ್ರಗಳಲ್ಲಿ ಆತಂಕ ಕಾಣುತ್ತದೆ. 2005ರ ಜುಲೈನಲ್ಲಿ ಅಲ್-ಖೈದಾದ ಐಮನ್ ಅಲ್-ಜವಾಹಿರಿ ಇರಾಕ್ ಶಾಖೆಯ ಮುಖ್ಯಸ್ಥ ಜರ್ಕಾವಿಗೆ ಬರೆದ ಪತ್ರ ಇದಕ್ಕೆ ಸಾಕ್ಷಿ. ಒತ್ತೆಯಾಳುಗಳ ಕತ್ತು ಕೊಯ್ಯುವ ದೃಶ್ಯಗಳನ್ನು ಸಾಮಾನ್ಯ ಮುಸ್ಲಿಮರು ಒಪ್ಪುವುದಿಲ್ಲ, ಶಿಯಾ ಜನಸಾಮಾನ್ಯರ ಮೇಲಿನ ದಾಳಿ ಬೆಂಬಲವನ್ನು ಕಳೆಯುತ್ತದೆ ಎಂದು ಅದು ಎಚ್ಚರಿಸಿತ್ತು. ಜರ್ಕಾವಿಯ ಗುಂಪಿನಿಂದ ಬೆಳೆದ ಐಸಿಸ್ ಜೊತೆಗಿನ ಸಂಬಂಧವನ್ನು ಅಲ್-ಖೈದಾ 2014ರಲ್ಲಿ ಕಡಿದುಕೊಂಡಿತು; ಆ ಬಿರುಕಿನ ಗೆರೆ ಪತ್ರದಲ್ಲಿ ಆಗಲೇ ಮೂಡಿತ್ತು. ಅಲ್-ಖೈದಾ ನಾಯಕ ಬಿನ್ ಲಾದೆನ್ ಅಡಗಿದ್ದ ಪಾಕಿಸ್ತಾನದ ಅಬೋಟಾಬಾದಿನಲ್ಲಿ ಸಿಕ್ಕಿ, 2012ರಲ್ಲಿ ಬಿಡುಗಡೆಯಾದ 17 ದಸ್ತಾವೇಜುಗಳಲ್ಲೂ ಅಂಗಸಂಸ್ಥೆಗಳ ವರ್ತನೆಯ ಬಗ್ಗೆ ಅವನ ಅಸಮಾಧಾನವಿದೆ.

ಯಾರು ಯಾರನ್ನು ಉಲ್ಲೇಖಿಸುತ್ತಾರೆಂದು ಎಣಿಸುವುದು ಇನ್ನೊಂದು ವಿಧಾನ. ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಭಯೋತ್ಪಾದನಾ ನಿಗ್ರಹ ಅಧ್ಯಯನ ಕೇಂದ್ರ 2006ರಲ್ಲಿ ಹೀಗೆ ಪ್ರಭಾವಿ ಲೇಖಕರ ನಕ್ಷೆ ರಚಿಸಿತು. ಹೊರಗಿನವರಿಗೆ ಅಷ್ಟಾಗಿ ಪರಿಚಯವಿಲ್ಲದ, ಜೋರ್ಡಾನಿನ ಅಬು ಮುಹಮ್ಮದ್ ಅಲ್-ಮಕ್ದಿಸಿಯ ಹೆಸರು ಅದರಲ್ಲಿ ಎದ್ದು ಕಂಡಿತು.

ಮರುಚಿಂತನೆಯ ಗ್ರಂಥಗಳು: ಈಜಿಪ್ಟಿನ ಅಲ್-ಗಮಾಅ ಅಲ್-ಇಸ್ಲಾಮಿಯ್ಯ ಸಂಘಟನೆಯ ಸೆರೆಯಲ್ಲಿದ್ದ ನಾಯಕರು 1997ರಲ್ಲಿ ಹಿಂಸೆ ನಿಲ್ಲಿಸುವುದಾಗಿ ಘೋಷಿಸಿದರು, ಬಳಿಕ ತಮ್ಮ ಹಳೆಯ ವಾದಗಳನ್ನು ಅಲ್ಲಗಳೆದು ಪುಸ್ತಕಗಳನ್ನೇ ಬರೆದರು. ಜಿಹಾದಿ ತರಬೇತಿಯ ಪಠ್ಯವೊಂದನ್ನು ರಚಿಸಿದ್ದ ಸಯ್ಯದ್ ಇಮಾಮ್ 2007ರಲ್ಲಿ ಅದೇ ದಾರಿ ಹಿಡಿದಾಗ, ಜವಾಹಿರಿ 2008ರಲ್ಲಿ ಪುಸ್ತಕರೂಪದ ಉತ್ತರ ಕೊಡಬೇಕಾಯಿತು. ಸೆರೆಮನೆಯ ಒತ್ತಡದಲ್ಲಿ ಹುಟ್ಟಿದ ಬರಹವನ್ನು ಎಷ್ಟು ನಂಬಬೇಕೆಂಬ ಪ್ರಶ್ನೆ ಉಳಿದೇ ಇದೆ. ಆದರೂ ಈ ವಾದಗಳು ಬದಲಾಗಬಲ್ಲವು ಎಂಬುದಕ್ಕೆ ಇವೇ ಬಲವಾದ ಆಧಾರ.

ಮಿತಿಗಳು: ಯುವಕರು ಗುಂಪು ಸೇರುವುದು ಪುಸ್ತಕ ಓದಿಯೇ ಎಂದು ಭಾವಿಸುವಂತಿಲ್ಲ. ಸ್ನೇಹ ಮತ್ತು ಬಂಧುತ್ವದ ನಂಟುಗಳು ನಿರ್ಣಾಯಕವೆಂದು ಮಾರ್ಕ್ ಸೇಜ್‌ಮನ್ 2004ರಲ್ಲಿ ವಾದಿಸಿದರು. ಧರ್ಮ ಉಗ್ರವಾಗುತ್ತಿದೆಯೋ, ಮೊದಲೇ ಇರುವ ಉಗ್ರತೆ ಧರ್ಮದ ವೇಷ ತೊಡುತ್ತಿದೆಯೋ ಎಂಬ ಬಗ್ಗೆ ಕೆಪೆಲ್ ಮತ್ತು ಒಲಿವಿಯೇ ರುವಾ ಅವರ ನಡುವೆ ದೀರ್ಘ ಚರ್ಚೆ ನಡೆದಿದೆ. ಈ ಬರಹಗಳನ್ನು ಇಡೀ ಮುಸ್ಲಿಂ ಸಮುದಾಯದ ದನಿಯೆಂದು ಓದುವುದು ಗಂಭೀರ ತಪ್ಪು. ಅವುಗಳನ್ನು ಸಾಲುಸಾಲಾಗಿ ಎದುರಿಸಿದವರಲ್ಲಿ ಮುಸ್ಲಿಂ ವಿದ್ವಾಂಸರೇ ಮುಂಚೂಣಿಯಲ್ಲಿದ್ದರು.

ಸಂಶೋಧಕರಿಗೆ ಕಾನೂನಿನ ತೊಡಕೂ ಇದೆ. 2008ರಲ್ಲಿ ಬ್ರಿಟನ್ನಿನಲ್ಲಿ, ಅಧ್ಯಯನಕ್ಕಾಗಿ ಅಲ್-ಖೈದಾ ಕೈಪಿಡಿ ಪಡೆದಿದ್ದ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಬಂಧನಕ್ಕೊಳಗಾಗಿ, ಯಾವ ಆರೋಪವೂ ಇಲ್ಲದೆ ಬಿಡುಗಡೆಯಾದ. ಓದುವುದೆಂದರೆ ಒಪ್ಪುವುದಲ್ಲ. ಎದುರಾಳಿಯ ವಾದವನ್ನು ಅವನದೇ ಮಾತಿನಲ್ಲಿ ತಿಳಿಯದೆ ಅದಕ್ಕೆ ತಕ್ಕ ಉತ್ತರ ಕೊಡಲಾಗದು ಎಂಬುದೇ ಈ ಅಧ್ಯಯನದ ಸಮರ್ಥನೆ.