ಹೆಸರು ಮರೆತವನ ಎರಡನೇ ಬದುಕು

ಶುಕ್ರವಾರ ಊಟ ಮುಗಿಸಿ ರೂಮಿನವರೆಲ್ಲ ಮಲಗಿದ ಮೇಲೆ ಮೊಬೈಲಿನಲ್ಲಿ ಹಳೆಯ ಕಪ್ಪು-ಬಿಳುಪು ಸಿನಿಮಾ ನೋಡೋದು ನನಗೊಂದು ಚಟ. ಹಾಗೆ ಸಿಕ್ಕಿದ್ದು 1943ರ ‘ಕ್ರೈಮ್ ಡಾಕ್ಟರ್’. ಕೊಲಂಬಿಯಾ ಕಂಪನಿಯ, ಒಂದು ಗಂಟೆ ಚಿಲ್ಲರೆಯ ಅಮೆರಿಕನ್ ಚಿತ್ರ.

ಆಗ ಅಲ್ಲಿ ಒಂದೇ ಟಿಕೆಟಿಗೆ ಎರಡು ಸಿನಿಮಾ ತೋರಿಸುತ್ತಿದ್ದರು. ದೊಡ್ಡ ಚಿತ್ರದ ಜೊತೆಗೆ ಹಾಕಲು ಕಡಿಮೆ ಖರ್ಚಿನಲ್ಲಿ ಮುಗಿಸುತ್ತಿದ್ದ ಇಂಥವಕ್ಕೆ ‘ಬಿ’ ಚಿತ್ರ ಅಂತ ಹೆಸರು. ಅದರ ಮೇಲೆ ಯುದ್ಧಕಾಲ. ಒಂದು ಚಿತ್ರದ ಸೆಟ್ಟುಗಳಿಗೆ 5,000 ಡಾಲರಿಗಿಂತ ಹೆಚ್ಚು ಬೆಲೆಯ ಹೊಸ ಸಾಮಾನು ಬಳಸಬಾರದು ಅಂತ 1942ರಲ್ಲೇ ಸರ್ಕಾರ ಮಿತಿ ಹಾಕಿತ್ತು.

ಖರ್ಚು ಕಡಿಮೆಯಾದರೂ ಕಥೆ ಗಟ್ಟಿ. ರಸ್ತೆ ಬದಿಯಲ್ಲಿ ಬಿದ್ದಿದ್ದ ಗಾಯಾಳುವಿಗೆ ಎಚ್ಚರವಾದಾಗ ತಾನು ಯಾರು ಅನ್ನೋದೇ ನೆನಪಿಲ್ಲ. ರಾಬರ್ಟ್ ಆರ್ಡ್‌ವೇ ಅನ್ನುವ ಹೊಸ ಹೆಸರಲ್ಲಿ, ವೈದ್ಯರೊಬ್ಬರ ಆಸರೆಯಲ್ಲಿ ಓದಿ ಮನೋವೈದ್ಯನಾಗುತ್ತಾನೆ. ಅಪರಾಧಿಗಳ ಮನಸ್ಸು ಅರಿಯುವುದರಲ್ಲಿ ಹೆಸರು ಮಾಡಿ, ಕೈದಿಗಳ ಬಿಡುಗಡೆ ತೀರ್ಮಾನಿಸುವ ಪೆರೋಲ್ ಮಂಡಳಿಗೂ ಬರುತ್ತಾನೆ. ಆಗ ಹಳೆಯ ಸಂಗಾತಿಗಳು ಹುಡುಕಿಕೊಂಡು ಬರುತ್ತಾರೆ, ಕದ್ದ ಹಣ ಎಲ್ಲಿ ಅಂತ. ಡಾಕ್ಟರೇ ಹಿಂದೆ ಕಳ್ಳರ ಗುಂಪಿನ ನಾಯಕ! ನೆನಪು ಮರಳಿದ ಮೇಲೆ ಅವನು ಓಡಿಹೋಗೋದಿಲ್ಲ, ಕೋರ್ಟಿನಲ್ಲಿ ನಿಲ್ಲುತ್ತಾನೆ. ತಪ್ಪಿತಸ್ಥ ಅಂತ ತೀರ್ಪಾದರೂ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಬಿಡುತ್ತಾರೆ. ಮುಂದಿನ ಚಿತ್ರಗಳಲ್ಲಿ ಅದೇ ಡಾಕ್ಟರ್ ಕೊಲೆ ಕೇಸುಗಳನ್ನು ಬಿಡಿಸುತ್ತಾನೆ. 1949ರವರೆಗೆ ಒಟ್ಟು 10 ಚಿತ್ರಗಳು ಬಂದವು.

ಈ ಪಾತ್ರ ಮೊದಲು ಬಂದದ್ದು ರೇಡಿಯೋದಲ್ಲಿ, 1940ರಲ್ಲಿ. ಬರೆದವರು ಮ್ಯಾಕ್ಸ್ ಮಾರ್ಸಿನ್. ಅವರೂ ಯುರೋಪಿನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಬಂದವರೇ. ಡಾಕ್ಟರಾಗಿ ನಟಿಸಿದ ವಾರ್ನರ್ ಬ್ಯಾಕ್ಸ್‌ಟರ್ ‘ಇನ್ ಓಲ್ಡ್ ಅರಿಜೋನಾ’ ಚಿತ್ರಕ್ಕೆ ಆಸ್ಕರ್ ಗೆದ್ದವರು, 1930ರ ದಶಕದ ದೊಡ್ಡ ಸಂಬಳದ ನಟ. ಆಮೇಲೆ ಮಾನಸಿಕವಾಗಿ ಕುಸಿದರು. ಹಗುರ ಕೆಲಸದ ಈ ಸರಣಿಯೇ ಅವರಿಗೂ ಎರಡನೇ ಬದುಕಾಯಿತು.

ನಿರ್ದೇಶಕ ಮೈಕೆಲ್ ಗಾರ್ಡನ್ ಅವರ ಪಾಡು ಬೇರೆ. ಹಳೆಯದನ್ನು ಕ್ಷಮಿಸಬಹುದು ಅಂತ ಚಿತ್ರ ಮಾಡಿದವರ ಹಳೆಯ ಎಡಪಂಥೀಯ ನಂಟನ್ನೇ 1950ರ ದಶಕದ ಆರಂಭದಲ್ಲಿ ಕೆದಕಿದರು. ಹಾಲಿವುಡ್‌ನ ಕಪ್ಪುಪಟ್ಟಿಗೆ ಸೇರಿ ವರ್ಷಗಟ್ಟಲೆ ಅಲ್ಲಿ ಕೆಲಸವಿಲ್ಲದಂತಾಯಿತು. 1959ರಲ್ಲಿ ‘ಪಿಲೋ ಟಾಕ್’ ಗೆದ್ದ ಮೇಲೆಯೇ ಅವರ ಹೆಸರು ಮತ್ತೆ ಎದ್ದದ್ದು. ತೆರೆಯ ಮೇಲಿನ ನ್ಯಾಯಾಧೀಶರಿಗಿದ್ದ ಕರುಣೆ ಆ ಊರಿಗಿರಲಿಲ್ಲ.

ಸ್ನೇಹಿತರೇ, ಹೋದ ವರ್ಷ ನಮ್ಮ ರೂಮಿಗೆ ಸೇರಿದ ಹುಡುಗನೊಬ್ಬನ ಬಗ್ಗೆ ಊರಿಂದ ಏನೇನೋ ಸುದ್ದಿ ಬಂತು. ನಾವೂ ಬೆನ್ನ ಹಿಂದೆ ಪಿಸುಗುಟ್ಟಿದ್ದುಂಟು, ನಾನೂ ಸೇರಿ. ಒಂದು ರಾತ್ರಿ ಅವನೇ ಎಲ್ಲರನ್ನೂ ಕೂರಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದ. ಈಗ ನಮ್ಮ ಮೆಸ್ಸಿನ ದುಡ್ಡು, ಲೆಕ್ಕ ಎರಡೂ ಅವನ ಕೈಯಲ್ಲೇ ಇದೆ.