ಸೂಚಿ ಚಿಕಿತ್ಸೆಯ ವೇದನೆ ಮತ್ತು ಅಪಾಯ: ಒಂದು ಐತಿಹಾಸಿಕ ವಿವೇಚನೆ

ಚೀನಾ ದೇಶದ ಸೂಚಿ ಚಿಕಿತ್ಸೆಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅದರ ಪ್ರಾಚೀನತೆಯನ್ನೇ ಮೊದಲು ಎತ್ತಿ ಹೇಳುತ್ತಾರೆ. ಎರಡು ಸಾವಿರ ವರ್ಷಗಳಿಂದ ನಡೆದುಬಂದಿದೆ, ಆದುದರಿಂದ ಅದು ನಿರಪಾಯಕರ ಎಂಬ ತರ್ಕ ಅನೇಕರಿಗೆ ಒಪ್ಪಿತವಾದಂತಿದೆ. ಈ ತರ್ಕವನ್ನು ನಾವು ಒಪ್ಪಲಾರೆವು. ಸೂಜಿ ಚುಚ್ಚಿದಾಗ ರೋಗಿಯ ಅನುಭವವೇನು, ಅದರಿಂದ ಕೇಡೆಷ್ಟು ಎಂಬ ಪ್ರಶ್ನೆಗಳಿಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳು ದೊರೆತಿವೆ. ಸೂಜಿಯೇ ಬೇರೆಯಾಗುತ್ತ ಬಂದುದು ಇದಕ್ಕೆ ಮುಖ್ಯ ಕಾರಣ.

ಈ ವಿಷಯದಲ್ಲಿ ಮೂಲ ಆಕರವೆಂದರೆ ‘ಹ್ವಾಂಗ್‌ದಿ ನೈಜಿಂಗ್’. ಕ್ರಿ. ಪೂ. ಎರಡನೆಯ ಹಾಗೂ ಒಂದನೆಯ ಶತಮಾನಗಳ ಸುಮಾರಿನಲ್ಲಿ ಇದರ ಬಹುಭಾಗ ರೂಪುಗೊಂಡಿತೆಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪುತ್ತಾರೆ. ಇದರ ‘ಲಿಂಗ್‌ಷು’ ಭಾಗದಲ್ಲಿ ಒಂಬತ್ತು ಬಗೆಯ ಸೂಜಿಗಳು ವರ್ಣಿತವಾಗಿವೆ. ಕೀವು ತೆಗೆಯುವುದಕ್ಕೆ ಕತ್ತಿಯಾಕಾರದ್ದೊಂದು, ರಕ್ತ ಬಿಡಿಸುವುದಕ್ಕೆ ಮತ್ತೊಂದು ಉಂಟು. ಇಂದು ನಮ್ಮ ಕಣ್ಣಮುಂದೆ ನಿಲ್ಲುವ ಕೂದಲೆಳೆಯಂಥ ಸೂಜಿಯು ಆ ಒಂಬತ್ತರಲ್ಲಿ ಒಂದರ ಸಂತತಿ ಮಾತ್ರ. ಉಳಿದವನ್ನು ನೋಡಿದರೆ ಶಸ್ತ್ರವೈದ್ಯದ ಪೆಟ್ಟಿಗೆಯ ನೆನಪಾಗುತ್ತದೆ.

ರೋಗಿಯ ಅನುಭವಕ್ಕೆ ಚೀನೀ ವೈದ್ಯರು ಕೊಟ್ಟ ಹೆಸರು ‘ದೆ ಚಿ’, ಅಂದರೆ ಪ್ರಾಣಶಕ್ತಿಯ ಆಗಮನ. ನೋವು ಎಂಬ ಒಂದೇ ಮಾತಿನಲ್ಲಿ ಇದನ್ನು ಹೇಳುವಂತಿಲ್ಲ. ಮೊನೆ ಚರ್ಮವನ್ನು ದಾಟುವಾಗ ಕ್ಷಣಮಾತ್ರದ ಚುಚ್ಚು. ಅನಂತರ ಜೋಮು, ಬಿಗಿತ, ಭಾರ, ಸೆಳೆತ. ವೈದ್ಯನ ಬೆರಳಿಗೂ ಮಾಂಸವು ಸೂಜಿಯನ್ನು ಹಿಡಿದೆಳೆದಂತೆ ತೋರುತ್ತದೆ. ಗಾಳಕ್ಕೆ ಮೀನು ಕಚ್ಚಿದಾಗಿನ ಅನುಭವಕ್ಕೆ ಇದನ್ನು ಹೋಲಿಸುವುದು ಅಲ್ಲಿನ ಹಳೆಯ ಸಂಪ್ರದಾಯ. ಇಲ್ಲಿ ವೇದನೆಯು ಚಿಕಿತ್ಸೆಯ ದೋಷವಲ್ಲ. ಚಿಕಿತ್ಸೆ ತಗುಲಿತೆಂಬುದಕ್ಕೆ ಸಾಕ್ಷಿ. ಜಪಾನಿನಲ್ಲಿ ಮಾತ್ರ ಪರಿಸ್ಥಿತಿ ಬೇರೆ ದಾರಿ ಹಿಡಿಯಿತು. ಅಂಧ ವೈದ್ಯನಾದ ಸುಗಿಯಾಮ ವಾಯ್ಚಿ (೧೬೧೦-೧೬೯೪) ಸಣ್ಣ ನಳಿಗೆಯೊಂದರ ಮೂಲಕ ಸೂಜಿಯನ್ನು ಇಳಿಸುವ ಕ್ರಮವನ್ನು ರೂಢಿಗೆ ತಂದನು. ಸೂಜಿ ತೆಳುವಾಯಿತು, ಚುಚ್ಚಿನ ಅರಿವು ಕುಗ್ಗಿತು. ಸಾಕ್ಷಿಯೆಂದು ಒಬ್ಬರು ಹುಡುಕಿದುದನ್ನು ಇನ್ನೊಬ್ಬರು ನಿವಾರಿಸಹೊರಟುದು ವಿಚಾರಾರ್ಹ.

ಪ್ರಾಚೀನರು ಅಪಾಯವನ್ನು ಅರಿಯದವರಾಗಿರಲಿಲ್ಲ. ನೈಜಿಂಗ್‌ನ ‘ಸುವೆನ್’ ಭಾಗದ ಒಂದು ಅಧ್ಯಾಯ ಪೂರ್ತಿ ನಿಷೇಧಗಳಿಗೇ ಮೀಸಲಾಗಿದೆ. ಹೃದಯ, ಯಕೃತ್ತು, ಶ್ವಾಸಕೋಶ ಮೊದಲಾದವುಗಳಿಗೆ ಸೂಜಿ ತಗುಲಿದರೆ ರೋಗಿ ಎಷ್ಟು ದಿನಗಳಲ್ಲಿ ಸಾಯುವನೆಂಬುದನ್ನು ಅಲ್ಲಿ ಹೇಳಿದೆ. ಕುಡಿದವನಿಗೆ, ಕುಪಿತನಿಗೆ, ಹಸಿದವನಿಗೆ, ಬೆದರಿದವನಿಗೆ ಚುಚ್ಚಬಾರದೆಂಬ ಎಚ್ಚರಿಕೆಯೂ ಉಂಟು. ದಿನಗಳ ಲೆಕ್ಕವನ್ನು ನಂಬಬೇಕಾಗಿಲ್ಲ. ಆದರೆ ಇಂಥ ಅಧ್ಯಾಯ ಬರೆದವರ ಕಣ್ಣೆದುರು ಮರಣಗಳು ನಡೆದಿದ್ದುವೆಂದು ಊಹಿಸುವುದು ಅಸಂಗತವಾಗಲಾರದು. ಸೋಂಗ್ ರಾಜವಂಶದ ಕಾಲದಲ್ಲಿ, ಕ್ರಿ. ಶ. ೧೦೨೭ರಲ್ಲಿ, ವಾಂಗ್ ವೈಯಿ ಎರಡು ಕಂಚಿನ ಮಾನವಪ್ರತಿಮೆಗಳನ್ನು ಮಾಡಿಸಿದುದೂ ಕೈತಪ್ಪನ್ನು ತಡೆಯುವುದಕ್ಕಾಗಿಯೇ. ಪ್ರತಿಮೆಗೆ ಮೇಣ ಬಳಿದು, ಒಳಗೆ ದ್ರವ ತುಂಬಿ, ವಿದ್ಯಾರ್ಥಿಯ ಸೂಜಿ ಸರಿಯಾದ ರಂಧ್ರಕ್ಕೆ ಬಿದ್ದಿತೇ ಎಂದು ಪರೀಕ್ಷಿಸುತ್ತಿದ್ದರೆಂಬ ವರ್ಣನೆಯುಂಟು.

ಆದರೆ ಇವರೆಲ್ಲರೂ ಕಂಡ ಅಪಾಯ ಆಳದ ಅಪಾಯ. ಕೊಳೆಯ ಅಪಾಯ ಅವರ ಅರಿವಿಗೆ ಬರುವಂತಿರಲಿಲ್ಲ. ಡಚ್ಚರ ವೈದ್ಯ ವಿಲೆಮ್ ಟೆನ್ ರೈನೆ ೧೬೮೩ರಲ್ಲಿ ತನ್ನ ಲ್ಯಾಟಿನ್ ಗ್ರಂಥದ ಮೂಲಕ ಯೂರೋಪಿಗೆ ‘ಅಕ್ಯುಪಂಕ್ಚರ್’ ಎಂಬ ಪದವನ್ನು ಕೊಟ್ಟನು. ಫ್ರಾನ್ಸಿನಲ್ಲಿ ಲೂಯಿ ಬೆರ್ಲಿಯೋಜ್ (ಸಂಗೀತಗಾರನ ತಂದೆ) ೧೮೧೦ರಿಂದ ಇದನ್ನು ಪ್ರಯೋಗಿಸಿ ೧೮೧೬ರಲ್ಲಿ ಪ್ರಕಟಪಡಿಸಿದನು. ಅವನ ಸೂಜಿಯೂ ರೋಗಾಣುಗಳನ್ನು ಅರಿಯದ ಕಾಲದ್ದೇ. ವಿಚಿತ್ರವೆಂದರೆ, ಪ್ಯಾರಿಸಿನಲ್ಲಿ ಇದು ಬಳಕೆಗೆ ಬರುತ್ತಿದ್ದಾಗಲೇ, ೧೮೨೨ರಲ್ಲಿ, ಚೀನಾದ ದಾವೋಗ್ವಾಂಗ್ ಚಕ್ರವರ್ತಿ ಅರಮನೆಯ ವೈದ್ಯಾಲಯದಲ್ಲಿ ಇದನ್ನು ನಿಷೇಧಿಸಿದನು.

ಈಗಿನ ರೂಪಕ್ಕೆ ಇಪ್ಪತ್ತನೆಯ ಶತಮಾನದ ಚೆಂಗ್ ದಾನ್‌ಆನ್ (೧೮೯೯-೧೯೫೭) ಬಹುಮಟ್ಟಿಗೆ ಕಾರಣನು. ಅವನು ಚುಚ್ಚುವ ಸ್ಥಾನಗಳನ್ನು ರಕ್ತನಾಳಗಳಿಂದ ದೂರಕ್ಕೆ ಸರಿಸಿ, ತೆಳುಸೂಜಿಯನ್ನು ಪ್ರಚಾರಕ್ಕೆ ತಂದನು. ‘ಎರಡು ಸಾವಿರ ವರ್ಷ’ ಎಂಬ ಮಾತು ಇಲ್ಲಿ ಸಡಿಲಗೊಳ್ಳುತ್ತದೆ. ನಮ್ಮ ದೇಶಕ್ಕೆ ಈ ಪದ್ಧತಿ ಬಂದದ್ದೂ ಇದರ ಅನಂತರವೇ. ೧೯೩೮ರ ಭಾರತೀಯ ವೈದ್ಯಮಂಡಲಿಯಲ್ಲಿದ್ದ ಡಾ. ಬಿ. ಕೆ. ಬಸು ಇದನ್ನು ಚೀನಾದಲ್ಲಿ ಕಲಿತು ಕಲ್ಕತ್ತೆಗೆ ತಂದರು.

೧೯೭೧ರ ಜುಲೈನಲ್ಲಿ ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ ಪೀಕಿಂಗ್‌ನಲ್ಲಿ ಅಪೆಂಡಿಕ್ಸಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಸೂಜಿಯಿಂದಲೇ ಅರಿವಳಿಕೆ ಕೊಟ್ಟರೆಂಬ ಕಥೆ ಈಗಲೂ ಹಬ್ಬಿದೆ, ಅದು ನಿಜವಲ್ಲ. ಅರಿವಳಿಕೆ ಸಾಮಾನ್ಯ ಔಷಧದಿಂದಲೇ ಆಯಿತು. ಅನಂತರದ ಹೊಟ್ಟೆಯುಬ್ಬರಕ್ಕೆ ಮೊಣಕೈಗೂ ಮೊಣಕಾಲುಗಳ ಕೆಳಗೂ ಮೂರು ಸೂಜಿಗಳನ್ನಿಟ್ಟರು. ಅಂಗಾಂಗಗಳಲ್ಲಿ ನೋವು ಅಲೆಯಲೆಯಾಗಿ ಹರಿಯಿತೆಂದೂ ಒಂದು ಗಂಟೆಯೊಳಗೆ ಉಬ್ಬರ ಇಳಿಯಿತೆಂದೂ ಅವರು ಬರೆದರು. ಈ ಶಮನಕ್ಕೆ ಸೂಜಿಯೇ ಕಾರಣವೆಂದು ಒಬ್ಬ ರೋಗಿಯ ಅನುಭವದಿಂದ ಸಿದ್ಧವಾಗುವುದಿಲ್ಲ. ೧೯೯೮ರಲ್ಲಿ ಜರ್ಮನಿಯ ಷ್ಟ್ರೈಟ್‌ಬರ್ಗರ್, ಚರ್ಮವನ್ನು ಭೇದಿಸದೆ ಹಿಡಿಯೊಳಕ್ಕೆ ಸರಿಯುವ ಮೊಂಡುಸೂಜಿಯಿಂದ ಪರೀಕ್ಷೆ ನಡೆಸಿದಾಗ, ಚುಚ್ಚಿತೆಂದೇ ಹೇಳಿದವರು ಹಲವರಿದ್ದರು.

ಕೊಳೆಯ ಅಪಾಯವು ದಾಖಲೆಗೆ ಸ್ಪಷ್ಟವಾಗಿ ಬಂದದ್ದು ಪಾಶ್ಚಾತ್ಯ ದೇಶಗಳಲ್ಲಿ. ೧೯೭೭ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿಯೂ ೧೯೮೪ರಲ್ಲಿ ಅಮೆರಿಕದ ರೋಡ್ ಐಲೆಂಡಿನಲ್ಲಿಯೂ ಸೂಜಿಗಳಿಂದ ಹೆಪಟೈಟಿಸ್-ಬಿ ಹರಡಿತು. ಒಮ್ಮೆ ಬಳಸಿ ಎಸೆಯುವ ಸೂಜಿ ಹೆಚ್ಚು ರೂಢಿಗೆ ಬಂದಮೇಲೆ ಈ ಭಯ ಬಹುಮಟ್ಟಿಗೆ ಕಡಮೆಯಾಯಿತು. ಜರ್ಮನಿಯಲ್ಲಿ ೨,೨೯,೨೩೦ ರೋಗಿಗಳನ್ನು ಕುರಿತು ನಡೆದು ೨೦೦೯ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶೇಕಡಾ ೮.೬ ಮಂದಿ ಒಂದಲ್ಲ ಒಂದು ತೊಂದರೆಯನ್ನು ಹೇಳಿಕೊಂಡರು. ಬಹುಪಾಲು ರಕ್ತ ಜಿನುಗುವುದು, ಚರ್ಮ ಕಪ್ಪಿಡುವುದು. ಇದು ತರಬೇತಿ ಹೊಂದಿದ ವೈದ್ಯರ ಕೈಯ ಲೆಕ್ಕ. ಬೆರ್ಲಿಯೋಜನ ಕಾಲಕ್ಕಾಗಲಿ, ತರಬೇತಿಯಿಲ್ಲದವರ ಕೈಗಾಗಲಿ ಇದನ್ನು ಅನ್ವಯಿಸುವಂತಿಲ್ಲ. ಆ ಲೆಕ್ಕದಲ್ಲಿಯೂ ಇಬ್ಬರಿಗೆ ಶ್ವಾಸಕೋಶಕ್ಕೆ ಸೂಜಿ ತಗುಲಿ ಎದೆಗೂಡಿನಲ್ಲಿ ಗಾಳಿ ತುಂಬಿಕೊಂಡಿತ್ತು. ಶ್ವಾಸಕೋಶ ‘ಸುವೆನ್’ನ ನಿಷೇಧಗಳಲ್ಲಿ ಸೇರಿದ ಅಂಗ.