ಒಡೆಯರಪಾಳ್ಯದ ಟಿಬೆಟನ್ ನೆಲೆ: ಜಮೀನು, ದಾರಿ, ನೀರು

ಕೊಳ್ಳೇಗಾಲದಿಂದ ಲೊಕ್ಕನಹಳ್ಳಿ ಮಾರ್ಗವಾಗಿ ಹಾಸನೂರಿನ ಕಡೆಗೆ ಹೋಗುವ ಕಾಡುದಾರಿಯಲ್ಲಿ ಒಡೆಯರಪಾಳ್ಯವಿದೆ. ಅದರ ಸುತ್ತ ಹರಡಿರುವ ಟಿಬೆಟನ್ ಪುನರ್ವಸತಿ ನೆಲೆಗೆ ಧೋಂಡೆನ್‌ಲಿಂಗ್ ಎಂದು ಹೆಸರು. ಸುತ್ತಲಿನ ಹಳ್ಳಿಗಳವರಿಗೆ ಅದು ‘ಟಿಬೆಟ್ ಕ್ಯಾಂಪು’. 1973-74ರ ಹೊತ್ತಿಗೆ ಶುರುವಾದ ಈ ನೆಲೆಗೆ ಸರ್ಕಾರ ಕೊಟ್ಟದ್ದು ಸುಮಾರು 3,000 ಎಕರೆ. ಅದರಲ್ಲಿ 22 ಹಳ್ಳಿಗಳು ಎದ್ದವು. ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ‘ಎ’ ಹಳ್ಳಿ, ‘ಬಿ’ ಹಳ್ಳಿ ಎಂದು ಶುರುವಾಗಿ ‘ವಿ’ವರೆಗೆ ಅವುಗಳ ಹೆಸರು ಸಾಗುತ್ತದೆ. ತಲೆಮಾರುಗಳಿಂದ ಬೆಳೆದು ಬಂದ ಊರುಗಳಲ್ಲ ಇವು, ಮೊದಲೇ ನಕ್ಷೆ ಹಾಕಿ ಕಟ್ಟಿದವು ಎಂಬುದನ್ನು ಆ ಹೆಸರುಗಳೇ ಹೇಳುತ್ತವೆ.

ಇಂಥ ನೆಲೆಗಳ ಹಿನ್ನೆಲೆ 1959ರದು. ಆ ವರ್ಷ ದಲೈ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆಯೇ ಸಾವಿರಾರು ಜನ ಗಡಿ ದಾಟಿದರು. ಬಹಳ ಮಂದಿ ಹಿಮಾಲಯದ ತಪ್ಪಲಿನಲ್ಲಿ ರಸ್ತೆ ಕೂಲಿಗೆ ನಿಂತರು. ಗುಡಾರದ ಬದುಕು, ಕಾಯಿಲೆ, ಕಲ್ಲು ಒಡೆಯುವ ಕೆಲಸಗಳಿಂದ ಅವರನ್ನು ಬಿಡಿಸಿ ಒಂದೆಡೆ ನೆಲೆಗೊಳಿಸಲು ಕೇಂದ್ರ ಸರ್ಕಾರ ರಾಜ್ಯಗಳನ್ನು ಜಮೀನು ಕೇಳಿತು. ಮೈಸೂರು ರಾಜ್ಯ ಧಾರಾಳವಾಗಿ ಮುಂದೆ ಬಂತು. ಮೊದಲು ಬೈಲಕುಪ್ಪೆ, ಆಮೇಲೆ 1966ರಲ್ಲಿ ಮುಂಡಗೋಡು, ಬೈಲಕುಪ್ಪೆಯಲ್ಲೇ ಎರಡನೆಯ ನೆಲೆ, ಹುಣಸೂರು ತಾಲೂಕಿನ ಗುರುಪುರ, ಕೊನೆಗೆ ಒಡೆಯರಪಾಳ್ಯ. ಈ ಕೊನೆಯ ನೆಲೆ ರೂಪುಗೊಳ್ಳುವ ಹೊತ್ತಿಗೆ, 1973ರ ನವೆಂಬರ್ 1ರಂದು, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದಿತ್ತು. ಆಗ ಮುಖ್ಯಮಂತ್ರಿ ಡಿ. ದೇವರಾಜ ಅರಸು.

ಜಮೀನನ್ನು ಕೊಡುಗೆಯಾಗಿ ಕೊಡುವುದು ಈ ಸೀಮೆಗೆ ಹೊಸದಲ್ಲ. 1807ರಲ್ಲಿ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. 1830ರ ಆಸುಪಾಸಿನಲ್ಲಿ ಶಿವನಸಮುದ್ರದ ಹಾಳುಬಿದ್ದ ಸೇತುವೆಗಳನ್ನು ಸ್ವಂತ ಖರ್ಚಿನಲ್ಲಿ ಎತ್ತಿ ನಿಲ್ಲಿಸಿದ ರಾಮಸ್ವಾಮಿ ಮೊದಲಿಯಾರರಿಗೂ ಹಳ್ಳಿಗಳು ಜಹಗೀರಾಗಿ ದೊರೆತವು. ಅವೆರಡೂ ಸೇವೆ ಮಾಡಿ ಮುಗಿಸಿದವರಿಗೆ ಸಂದ ಸನ್ಮಾನ. ಒಡೆಯರಪಾಳ್ಯದಲ್ಲಿ ಆದದ್ದು ಬೇರೆ: ಪೌರತ್ವವೂ ಇಲ್ಲದ, ಕೈಯಲ್ಲಿ ಕಾಸೂ ಇಲ್ಲದ ಜನರಿಗೆ ಬದುಕು ಕಟ್ಟಿಕೊಳ್ಳಲೆಂದು ನೆಲ ಕೊಟ್ಟದ್ದು. ಹಾಗೆ ಕೊಟ್ಟ ಮೇಲೆ ಬರೀ ಜಮೀನು ಸಾಲದು. ಅದನ್ನು ವಾಸಕ್ಕೆ ಯೋಗ್ಯ ಮಾಡುವ ಹೊಣೆಯೂ ಕೊಟ್ಟವರ ಮೇಲೆ ಬರುತ್ತದೆ.

ಈ ಹೊಣೆ ಹಲವರಲ್ಲಿ ಹಂಚಿಹೋಯಿತು. ಜಮೀನು ರಾಜ್ಯದ್ದು, ಪುನರ್ವಸತಿಯ ಹಣದಲ್ಲಿ ದೊಡ್ಡ ಪಾಲು ಕೇಂದ್ರದ್ದು. ಹೊರದೇಶಗಳ ನೆರವು ಸಂಸ್ಥೆಗಳೂ ಕೈಜೋಡಿಸಿದವು. ಟಿಬೆಟನ್ನರ ಪುನರ್ವಸತಿಗೆ ನೆರವಾಗಲೆಂದೇ 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. ಮೈಸೂರು ರೀಸೆಟಲ್‌ಮೆಂಟ್ ಅಂಡ್ ಡೆವಲಪ್‌ಮೆಂಟ್ ಏಜೆನ್ಸಿ ಎಂಬುದು ಅದರ ಪೂರ್ಣ ಹೆಸರು. ನೆಲೆಯ ದಿನನಿತ್ಯದ ಆಡಳಿತಕ್ಕೆ ಧರ್ಮಶಾಲೆಯ ಟಿಬೆಟನ್ ಆಡಳಿತ ನೇಮಿಸುವ ಅಧಿಕಾರಿ, ಬೀಜ, ಗೊಬ್ಬರ, ಟ್ರ್ಯಾಕ್ಟರುಗಳಿಗೆ ಸಹಕಾರ ಸಂಘ ಎಂಬ ಏರ್ಪಾಡು ಬಂತು.

ಕೆಲಸ ಶುರುವಾದದ್ದು ಕಾಡು ಕಡಿಯುವುದರಿಂದ. ಬೇರು ಕಿತ್ತು, ಕಲ್ಲು ಆರಿಸಿ, ನೆಲವನ್ನು ಉಳುಮೆಗೆ ಹಸನು ಮಾಡಬೇಕಿತ್ತು. ಇಡೀ ನೆಲೆಯನ್ನು ಒಂದೇ ಊರಾಗಿ ಕಟ್ಟದೆ ಹಳ್ಳಿಗಳಾಗಿ ಒಡೆದದ್ದಕ್ಕೆ ಕಾರಣ ಬೇಸಾಯ: ಮನೆಯಿಂದ ಹೊಲ ನಡೆದು ಹೋಗುವಷ್ಟು ಹತ್ತಿರವಿರಬೇಕು. ಆದರೆ ಚದುರಿದ ಹಳ್ಳಿಗಳೆಂದರೆ ಪ್ರತಿಯೊಂದಕ್ಕೂ ಬೇರೆ ದಾರಿ, ಬೇರೆ ಕೊಳವೆಬಾವಿ, ಬೇರೆ ವಿದ್ಯುತ್ ತಂತಿ. ಅನುಕೂಲ ಹೆಚ್ಚಿದಷ್ಟೂ ನಿರ್ವಹಣೆಯ ಹೊರೆಯೂ ಹೆಚ್ಚಿತು.

ಈ ಹೊರೆಯಲ್ಲಿ ಮೊದಲನೆಯದು ನೀರು. ಇಲ್ಲಿ ಕಾಲುವೆಯ ನೀರಾವರಿ ಇಲ್ಲ. ಕುಡಿಯಲು ಕೊಳವೆಬಾವಿ, ಬೆಳೆಗೆ ಮಳೆ. ಮುಖ್ಯ ಬೆಳೆ ಮುಸುಕಿನ ಜೋಳ. ಮುಂಗಾರು ಕೈಕೊಟ್ಟರೆ ವರ್ಷದ ದುಡಿಮೆ ಹೋದಂತೆ. ಬೆಳೆ ಚೆನ್ನಾಗಿ ಬಂದರೆ ಕಾಡಾನೆಗಳ ಭಯ. ನೆಲೆಯ ಒಂದು ಬದಿಗೆ ಬಿಳಿಗಿರಿರಂಗನ ಬೆಟ್ಟದ ಕಾಡು, ಇನ್ನೊಂದು ಬದಿಗೆ ಮಲೆ ಮಹದೇಶ್ವರ ಬೆಟ್ಟದ ಕಾಡು. ಆನೆಗಳು ಒಂದರಿಂದ ಇನ್ನೊಂದಕ್ಕೆ ನಡೆಯುವ ಸೀಮೆಯೇ ಇದು. ತೆನೆ ಹಾಲುಗಟ್ಟುವ ದಿನಗಳಲ್ಲಿ ಅಟ್ಟಣೆ ಕಟ್ಟಿ, ಬೆಂಕಿ ಹಾಕಿ, ತಗಡು ಬಡಿದು ರಾತ್ರಿಯೆಲ್ಲ ಕಾವಲು ಕಾಯುವುದು ಸುತ್ತಲಿನ ಕನ್ನಡ ರೈತರಿಗೂ ಸೋಲಿಗರಿಗೂ ಇರುವ ಕಷ್ಟವೇ. ಟಿಬೆಟನ್ನರ ಪಾಲಿಗೂ ಅದೇ ಬಂತು. ಹೊಲದ ಆದಾಯ ಸಾಲದಾಗ ಚಳಿಗಾಲದಲ್ಲಿ ಪಟ್ಟಣಗಳಿಗೆ ಹೋಗಿ ಸ್ವೆಟರ್ ಮಾರುವುದು ಅನೇಕ ಕುಟುಂಬಗಳಿಗೆ ಆಧಾರವಾಯಿತು.

ಶಾಲೆ, ಆಸ್ಪತ್ರೆ, ಮಠಗಳು ಒಂದೊಂದಾಗಿ ಬಂದವು. ಟಿಬೆಟನ್ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಕೇಂದ್ರ ಸರ್ಕಾರ 1961ರಲ್ಲಿ ಸ್ಥಾಪಿಸಿದ ಆಡಳಿತ ಮಂಡಳಿಯ ಅಡಿಯಲ್ಲಿ ಇಲ್ಲಿಯೂ ಶಾಲೆ ನಡೆಯಿತು. ಪೂರ್ವ ಟಿಬೆಟ್‌ನ ಜೋಗ್‌ಚೆನ್ ಮಠ ಇಲ್ಲಿ ಮರುಹುಟ್ಟು ಪಡೆಯಿತು. 1992ರಲ್ಲಿ ದಲೈ ಲಾಮಾ ಅದನ್ನು ಉದ್ಘಾಟಿಸಿದರು. ಮಕ್ಕಳಿಲ್ಲದ, ನೋಡಿಕೊಳ್ಳುವವರಿಲ್ಲದ ವೃದ್ಧರಿಗೆ ಆಶ್ರಯಧಾಮವೂ ಬಂತು. ಇದು ಬರೀ ದಯೆಯ ಮಾತಲ್ಲ. 1962ರಲ್ಲಿ ಭಾರತ ಕಟ್ಟಿದ ವಿಶೇಷ ಗಡಿ ಪಡೆಯಲ್ಲಿ ಟಿಬೆಟನ್ನರು ದೊಡ್ಡ ಸಂಖ್ಯೆಯಲ್ಲಿ ದುಡಿದಿದ್ದಾರೆ. 1971ರ ಯುದ್ಧದಲ್ಲಿ ಚಿತ್ತಗಾಂಗ್ ಬೆಟ್ಟಗಳಲ್ಲಿ ಹೋರಾಡಿದ್ದಾರೆ. ನಿವೃತ್ತರಾದ ಅಂಥ ಸೈನಿಕರು ಮರಳಿ ಬರುವುದು ಈ ಬಗೆಯ ನೆಲೆಗಳಿಗೇ. ದೇಶಕ್ಕಾಗಿ ಬಂದೂಕು ಹಿಡಿದವರಿಗೆ ಮುಪ್ಪಿನಲ್ಲಿ ಒಂದು ಸೂರು, ನಲ್ಲಿಯಲ್ಲಿ ನೀರು, ಮನೆಯ ತನಕ ದಾರಿ ಇರಬೇಕೆನ್ನುವುದು ನ್ಯಾಯವಾದ ನಿರೀಕ್ಷೆ.

ಬಗೆಹರಿಯಲು ಬಹಳ ಕಾಲ ಹಿಡಿದದ್ದು ಜಮೀನಿನ ಹಕ್ಕು. ಇಲ್ಲಿನ ನೆಲಕ್ಕೆ ವ್ಯಕ್ತಿಗಳ ಹೆಸರಿನಲ್ಲಿ ಪಹಣಿ ಇಲ್ಲ. ಅದು ಸಮುದಾಯದ ಬಳಕೆಗೆ ಸರ್ಕಾರ ಬಿಟ್ಟುಕೊಟ್ಟದ್ದು. ಮಾರುವಂತಿಲ್ಲ, ಅಡವಿಟ್ಟು ಸಾಲ ಎತ್ತುವಂತಿಲ್ಲ. ಮಕ್ಕಳು, ಮೊಮ್ಮಕ್ಕಳು ಹುಟ್ಟಿ ಕುಟುಂಬ ಬೆಳೆದರೂ ಎಕರೆ ಬೆಳೆಯಲಿಲ್ಲ. 2014ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಟಿಬೆಟನ್ ಪುನರ್ವಸತಿ ನೀತಿ ಈ ಕೊರತೆಯತ್ತ ಗಮನ ಹರಿಸಿತು. ನೆಲೆಗಳ ಜಮೀನಿಗೆ ರಾಜ್ಯಗಳು 20 ವರ್ಷಗಳ ಗುತ್ತಿಗೆ ಪತ್ರ ಮಾಡಿಕೊಡಬೇಕು, ರಸ್ತೆ, ವಿದ್ಯುತ್, ಕುಡಿಯುವ ನೀರು ಒದಗಿಸಬೇಕು, ಉದ್ಯೋಗ ಖಾತ್ರಿ ಮತ್ತು ಪಡಿತರದಂಥ ಯೋಜನೆಗಳ ಪ್ರಯೋಜನ ಅಲ್ಲಿನವರಿಗೂ ತಲುಪಬೇಕು ಎಂದು ಅದು ಹೇಳಿತು. ನೆಲೆ ಹುಟ್ಟಿದಾಗ ನೀಡಿದ ಭರವಸೆ ಹೀಗೆ ನಾಲ್ಕು ದಶಕಗಳ ಬಳಿಕ ಬರವಣಿಗೆಯ ನಿಯಮವಾಯಿತು.

ಈ ನಡುವೆ ಆಡಳಿತದ ಗಡಿಗಳೂ ಬದಲಾದವು. 1956ರವರೆಗೆ ಮದ್ರಾಸ್ ಆಡಳಿತದ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲೂಕು ಮೈಸೂರು ಜಿಲ್ಲೆಗೆ ಸೇರಿತು, 1997ರಲ್ಲಿ ಚಾಮರಾಜನಗರಕ್ಕೆ. ಮುಂದೆ ಹನೂರು ಪ್ರತ್ಯೇಕ ತಾಲೂಕಾಯಿತು. ಒಡೆಯರಪಾಳ್ಯದ ಅರ್ಜಿಗಳ ವಿಳಾಸವೂ ಅದರೊಂದಿಗೆ ಬದಲಾಯಿತು. ಆದರೂ ಕಾಗದಪತ್ರಗಳಲ್ಲಿ, ಜನರ ಬಾಯಲ್ಲಿ ಅದು ಇಂದಿಗೂ ಕೊಳ್ಳೇಗಾಲದ ಟಿಬೆಟನ್ ನೆಲೆಯೇ. ಅರ್ಧ ಶತಮಾನದ ಈ ಅನುಭವದಿಂದ ಮುಂದಿನ ಯಾವುದೇ ಪುನರ್ವಸತಿ ಯೋಜನೆ ಕಲಿಯಬೇಕಾದದ್ದು ಇಷ್ಟು: ಜಮೀನು ಮಂಜೂರಾತಿಯ ಆದೇಶದಲ್ಲೇ ದಾರಿ ಹಾಕುವವರು ಯಾರು, ನೀರು ಕೊಡುವವರು ಯಾರು, ಅವನ್ನು ಮುಂದೆ ನೋಡಿಕೊಳ್ಳುವವರು ಯಾರು, ಹಕ್ಕು ಯಾರ ಹೆಸರಿನಲ್ಲಿ ಎಂಬುದೂ ಸ್ಪಷ್ಟವಾಗಿ ಸೇರಿರಬೇಕು.